ಚೇಳಿನ ಕೊಂಡಿಯ ಬಿಳಿ ಬೊಟ್ಟು

ಮುಖ ತಿದ್ದಲು ಕಲಿತ ಮನುಷ್ಯ ಒಂದಲ್ಲ ಒಂದು ದಿನ ಆಕಾಶವನ್ನೂ ತಿದ್ದದೆ ಬಿಡುವುದಿಲ್ಲ ಎಂದು ಕುಷ್ಟಗಿಯ ಮೋನಮ್ಮ ಪತ್ತಾರಳಿಗೆ ಮೊದಲಿನಿಂದಲೂ ಅನುಮಾನವಿತ್ತು. ಎರಡು ಸಾವಿರದ ನಲವತ್ತೊಂದನೆಯ ಇಸವಿಯ ಹೊತ್ತಿಗೆ ಅದು ನಿಜವೇ ಆಗಿತ್ತು.

ಆದದ್ದು ಇಷ್ಟು. ಭೂಮಿಯನ್ನು ಸುತ್ತುವ ಉಪಗ್ರಹಗಳ ಲೆಕ್ಕ ಎರಡು ಲಕ್ಷ ದಾಟಿತು. ಯಾವ ದೇಶದ ಯಾವ ದೂರದರ್ಶಕ ಮೇಲೆ ಮುಖ ಮಾಡಿದರೂ ಚಿತ್ರದ ತುಂಬ ಬೆಳ್ಳನೆಯ ಗೀರುಗಳು, ಮಿಂಚಿ ಮಾಯವಾಗುವ ಹೊಳಪುಗಳು. ಕಲಿಯದ ಮಕ್ಕಳ ಪಾಟಿಯ ಹಾಗೆ ಕಾಣುತ್ತಿತ್ತು ಆಕಾಶ. ಆಗ ಬಂತು 'ಶುಭ್ರಗಗನ'. ಅದು ದೂರದರ್ಶಕದಿಂದ ಹಿಡಿದು ಫೋನಿನವರೆಗೆ ಎಲ್ಲ ಡಿಜಿಟಲ್ ಕ್ಯಾಮೆರಾಗಳ ಎದೆಯೊಳಗೆ ಕೂರುವ, ಅಕ್ಕಿಕಾಳಿನಷ್ಟು ದೊಡ್ಡ ಚಿಪ್. ಇಡೀ ಆಕಾಶದ ನಕಾಶೆ ಅದರ ಹೊಟ್ಟೆಯಲ್ಲಿತ್ತು. ಚಿತ್ರ ತೆಗೆದ ಕೂಡಲೇ ಅದು ನಕಾಶೆಯ ಜೊತೆ ತಾಳೆ ನೋಡಿ, ನಕಾಶೆಯಲ್ಲಿ ಇಲ್ಲದ್ದನ್ನೆಲ್ಲ ಉಪಗ್ರಹದ ಹೊಳಪೆಂದು ಒರೆಸಿ, ಆ ಜಾಗಕ್ಕೆ ನಕಾಶೆಯ ತುಂಡನ್ನೇ ತೇಪೆ ಹಾಕಿ ಕೈಗಿಡುತ್ತಿತ್ತು. ಒರೆಸುವುದಕ್ಕೆ ಮುಂಚಿನ ಚಿತ್ರವನ್ನು ಇಟ್ಟುಕೊಳ್ಳಲು ಜಾಗ ಎಲ್ಲಿಂದ ತರುವುದು? ದೊಡ್ಡ ದೊಡ್ಡ ವೀಕ್ಷಣಾಲಯಗಳೂ ಅದನ್ನು ಮೂರು ದಿನ ಇಟ್ಟು ಅಳಿಸಿಬಿಡುತ್ತಿದ್ದವು. ಹೊಸದನ್ನು ಹುಡುಕುವ ಉಸಾಬರಿಯನ್ನು ಅಂತರಿಕ್ಷದಲ್ಲಿದ್ದ ಎರಡು ದೂರದರ್ಶಕಗಳಿಗೆ ವಹಿಸಲಾಗಿತ್ತು. ಅವು ಸರದಿಯ ಮೇಲೆ ಆಕಾಶದ ಒಂದೊಂದೇ ಮೂಲೆ ನೋಡುತ್ತಿದ್ದವು. ವೃಶ್ಚಿಕ ರಾಶಿಯ ಸರದಿ ಆ ವರ್ಷ ಜೂನ್ ತಿಂಗಳಿಗೆ ಬರುವುದಿತ್ತು.

ಇಷ್ಟೆಲ್ಲ ಮೋನಮ್ಮನಿಗೆ ಮೊದಲು ಗೊತ್ತಿರಲಿಲ್ಲ. ಗಂಡ ದೇವೇಂದ್ರಪ್ಪ ಹೊಸ ಫೋನು ಕೊಂಡು, ಬೆಳಗಿನ ಜಾವ ಮಾಳಿಗೆ ಹತ್ತಿ ವೃಶ್ಚಿಕದ ಚಿತ್ರ ತೆಗೆದುಕೊಂಡು ಬಂದು ಅವಳ ಮೂಗಿಗೆ ಹಿಡಿದ ದಿನ ಗೊತ್ತಾಯಿತು.

"ಹೆಂಗ ಬಂದೈತಿ ನೋಡು. ನಿನ್ನ ಕಟಿಗಿ ಹಲಿಗಿ ಕ್ಯಾಮೆರಾದಾಗ ಹಿಂಗ ಬರ್ತೈತೇನು?"

ಮೋನಮ್ಮ ಮಾವನ ಅಪ್ಪನ ಕಾಲದ ಭೂತಗನ್ನಡಿಯನ್ನು ಕಣ್ಣಿಗೆ ಹಿಡಿದಳು. ಬಂಗಾರದ ಕೆಲಸದವರ ಭೂತಗನ್ನಡಿ ಅದು. ಕೂದಲೆಳೆಯಷ್ಟು ಬೆಸುಗೆ ಬಿಟ್ಟಿದ್ದರೂ ತೋರಿಸುವಂಥದ್ದು. ಫೋನಿನ ಗಾಜಿನ ಮೇಲೆ ಅದನ್ನು ಮೂಲೆಯಿಂದ ಮೂಲೆಗೆ ಆಡಿಸಿದಳು.

"ಇಲ್ಲೊಂದು ಗೆರಿ ಇತ್ತು, ತಗದಾರ. ಇಲ್ಲೆ ಮತ್ತೊಂದು. ಉಳದ ಕಡೆ ಕಪ್ಪು ಉರುಟುರುಟು ಐತಿ, ಇಲ್ಲಿ ಮಾತ್ರ ಸಗಣಿ ಸಾರಿಸಿದಂಗ ಸಪಾಟ. ತಿದ್ದಾಕಿ ತಿದ್ಯಾಳ ಖರೆ, ಆದ್ರ ಕೈ ಭಾಳ ಅವಸರದ್ದು."

"ತಿದ್ದಾಕಿ ಯಾರೂ ಇಲ್ಲೇ ಮಾರಾಯ್ತಿ, ಚಿಪ್ ಅದು."

"ಚಿಪ್ಪರ ಆಗಲಿ, ಚನ್ನವ್ವರ ಆಗಲಿ. ಅವಸರ ಅಂದ್ರ ಅವಸರನ."

"ಹಾವಿನ ಹೆಜ್ಜಿ ಹಾವಿಗೇ ಗೊತ್ತು" ಎಂದು ದೇವೇಂದ್ರಪ್ಪ ನಕ್ಕು ಫೋನನ್ನು ಕಿಸೆಗಿಟ್ಟ.

ಅವನು ಅಂದದ್ದು ಸುಳ್ಳಲ್ಲ. ಹದಿನೆಂಟು ವರ್ಷದ ಮೋನಮ್ಮ ಪತ್ತಾರರ ಮನೆಗೆ ಸೊಸೆಯಾಗಿ ಬಂದಾಗ ಆ ಮನೆಯವರು ಬಂಗಾರದ ಕೆಲಸ ಬಿಟ್ಟು ಫೋಟೋ ಸ್ಟುಡಿಯೊ ಇಟ್ಟು ಎರಡು ತಲೆಮಾರಾಗಿತ್ತು. ಗಂಡಸರು ಫೋಟೋ ತೆಗೆಯುತ್ತಿದ್ದರು, ತೊಳೆಯುತ್ತಿದ್ದರು. ತಿದ್ದುವ ಕೆಲಸ ಮಾತ್ರ ಒಳಮನೆಯ ಹೆಂಗಸರದು. ಫಿಲಂ ಮೇಲೆ ಕೂತ ಧೂಳಿನ ಕಣ ಪ್ರಿಂಟಿನ ಮೇಲೆ ಬಿಳಿ ಬೊಟ್ಟಾಗಿ ಬೀಳುತ್ತದೆ. ಆ ಬೊಟ್ಟುಗಳನ್ನು ಮೂರು ಕೂದಲಿನ ಕುಂಚದಿಂದ ಮುಚ್ಚಬೇಕು, ಮುಚ್ಚಿದ್ದು ಹೆತ್ತ ತಾಯಿಗೂ ಗೊತ್ತಾಗಬಾರದು. ಅತ್ತೆ ರಾಚಮ್ಮ ಈ ಕೆಲಸದಲ್ಲಿ ಎತ್ತಿದ ಕೈ. ದೀಪದ ಕಾಡಿಗೆಗೆ ಜಾಲಿಯ ಗೋಂದು ಕಲಸಿ ಬಣ್ಣ ಮಾಡಿಕೊಂಡು, ಕುಂಚದ ತುದಿಯನ್ನು ನಾಲಗೆಗೆ ಮುಟ್ಟಿಸಿ ಚೂಪು ಮಾಡಿಕೊಂಡು ಕೂತರೆ ಅವಳಿಗೆ ಊಟದ ನೆನಪೂ ಇರುತ್ತಿರಲಿಲ್ಲ. ಪೇಟೆಯಲ್ಲಿ ಬಾಟಲಿಯ ಬಣ್ಣ ಸಿಗುತ್ತಿತ್ತು. ಅದು ಕಾಗದದೊಳಗೆ ಇಳಿದುಬಿಡುತ್ತದೆ ಎಂದು ರಾಚಮ್ಮ ಅದನ್ನು ಮನೆಯೊಳಕ್ಕೆ ಬಿಟ್ಟುಕೊಳ್ಳಲಿಲ್ಲ.

ಕಾರಣ ಕೇಳಿದ ಸೊಸೆಗೆ ಅವಳು ಹೇಳಿದ ಕಥೆ ಇದು. ಹನುಮಸಾಗರದ ಕಡೆಯವನೊಬ್ಬ ಫೋಟೋ ತೆಗೆಸಿಕೊಂಡು ಹೋಗಿದ್ದ. ಹೋರಿ ಹಾದ ಗಾಯ ಅವನ ಹಣೆಯ ಮೇಲೆ ಬೆಳ್ಳಗೆ ಗೆರೆಯಾಗಿತ್ತು. ಚೆಂದ ಕಾಣಲಿ ಎಂದು ರಾಚಮ್ಮ ಅದನ್ನು ಮುಚ್ಚಿದ್ದಳು. ಆರು ತಿಂಗಳಿಗೆ ಅವನು ತೀರಿಕೊಂಡ. ಹೆಂಡತಿ ಫೋಟೋ ಹಿಡಿದುಕೊಂಡು ಸ್ಟುಡಿಯೊಕ್ಕೆ ಬಂದು, "ಇವರು ಯಾರೋ ಏನೋ, ನಮ್ಮವರ ಹಣಿ ಮ್ಯಾಲೆ ಗೆರಿ ಇತ್ತು" ಎಂದು ಅತ್ತಳು. ರಾಚಮ್ಮ ಅರಳೆಯನ್ನು ಒದ್ದೆ ಮಾಡಿ ಹಣೆಯ ಮೇಲೆ ಮೆಲ್ಲಗೆ ಆಡಿಸಿದಳು. ಗೆರೆ ಎದ್ದು ಬಂತು, ಜೊತೆಗೆ ಗಂಡನೂ ಬಂದ ಹಾಗಾಯಿತು ಆ ಹೆಣ್ಣುಮಗಳಿಗೆ.

"ತಿದ್ದಬೇಕು, ಬ್ಯಾಡ ಅನ್ನಂಗಿಲ್ಲ. ಆದ್ರ ಕೇಳಿದವರಿಗೆ ವಾಪಸ್ ಕೊಡಾಕ ಬರೂವಂಗ ತಿದ್ದಬೇಕು" ಎಂದಿದ್ದಳು ರಾಚಮ್ಮ. ಸೊಸೆ ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡಳು.

ಕಾಲ ಕಳೆಯಿತು, ಫಿಲಂ ಹೋಯಿತು, ಸ್ಟುಡಿಯೊದಲ್ಲಿ ಗುರುತಿನ ಚೀಟಿಯ ಫೋಟೋ ಬಿಟ್ಟರೆ ಬೇರೆ ಕೆಲಸ ಉಳಿಯಲಿಲ್ಲ. ಹಳೆಯ ಫಿಲಂ ಹುಚ್ಚು ದೇಶದಲ್ಲಿ ಮತ್ತೆ ಹಬ್ಬಿ ಮುಂಬೈಯಲ್ಲಿ ರೋಲುಗಳು, ಪ್ರಿಂಟಿನ ಕಾಗದ ಸಿಗತೊಡಗಿದಾಗ ಮೋನಮ್ಮ ಕತ್ತಲೆಕೋಣೆಯ ಜೇಡರ ಬಲೆ ಗುಡಿಸಿದಳು. ಯಾರ ಮುಖ ತೆಗೆಯಲಿ ಎಂದು ಯೋಚಿಸಿ ಕೊನೆಗೆ ಚೇಳನ್ನು ಆರಿಸಿಕೊಂಡಳು. ತವರಗೇರಿಯ ತವರುಮನೆಯ ಅಂಗಳದಲ್ಲಿ ಅಪ್ಪ ಅವಳಿಗೆ ತೋರಿಸಿದ್ದ ಒಂದೇ ನಕ್ಷತ್ರಪುಂಜ ಅದು. ನಡುವೆ ಕೆಂಡದಂಥ ಜ್ಯೇಷ್ಠಾ, ಕೆಳಗೆ ಮಡಚಿದ ಬಾಲ, ಬಾಲದ ತುದಿಗೆ ಕೊಂಡಿ. ಬೇರೆ ರಾಶಿಗಳಲ್ಲಿ ಕುರಿ ಯಾವುದು, ಕನ್ಯೆ ಯಾವುದು ಎಂದು ಕಲ್ಪಿಸಿಕೊಳ್ಳಬೇಕು. ಇದು ಹಾಗಲ್ಲ, ಕಲ್ಲು ಎತ್ತಿದರೆ ಕೆಳಗೆ ಕಾಣುವ ಚೇಳೇ.

ಆಕಾಶ ತಿರುಗುತ್ತದಲ್ಲ, ಕ್ಯಾಮೆರಾ ಸುಮ್ಮನೆ ನಿಂತರೆ ನಕ್ಷತ್ರಗಳು ಎಳೆಯಾಗಿ ಬೀಳುತ್ತವೆ. ಅದಕ್ಕೆ ದೇವೇಂದ್ರಪ್ಪ ಎರಡು ತೇಗದ ಹಲಗೆಗಳನ್ನು ಬಾಗಿಲಿನ ತಿರುಗಣಿಯಿಂದ ಜೋಡಿಸಿ, ನಡುವೆ ಉದ್ದನೆಯ ತಿರುಪು ಕೂರಿಸಿ ಕೊಟ್ಟಿದ್ದ. ತಿರುಗಣಿಯನ್ನು ಧ್ರುವನಕ್ಷತ್ರದ ಕಡೆ ಇಟ್ಟು, ನಿಮಿಷಕ್ಕೆ ಒಂದು ಸುತ್ತಿನಂತೆ ತಿರುಪು ತಿರುವಿದರೆ ಮೇಲಿನ ಹಲಗೆ ಆಕಾಶದ ವೇಗಕ್ಕೇ ತೆರೆದುಕೊಳ್ಳುತ್ತದೆ, ಕ್ಯಾಮೆರಾ ನಕ್ಷತ್ರಗಳ ಜೊತೆಯಲ್ಲೇ ಸಾಗುತ್ತದೆ. ಗಡಿಯಾರದ ಮುಳ್ಳನ್ನು ನೋಡುತ್ತ ಎಂಟು ನಿಮಿಷ ಅಲುಗದೆ ತಿರುಪು ತಿರುವುವುದು ಹುಡುಗಾಟವಲ್ಲ. ಅರವತ್ತೈದರ ಮೋನಮ್ಮ ಮೂರು ವರ್ಷದಿಂದ ಬೇಸಿಗೆಯ ಪ್ರತಿ ಅಮಾವಾಸ್ಯೆಯ ಆಸುಪಾಸಿನಲ್ಲಿ ಕೋಳಿ ಕೂಗುವ ಮುಂಚೆ ಎದ್ದು ಅದನ್ನು ಮಾಡುತ್ತಿದ್ದಳು. ಫಿಲಂ ರೋಲುಗಳು ಫ್ರಿಜ್ಜಿನಲ್ಲಿ ಕೆಂಪು ಮೆಣಸಿನಕಾಯಿ ರಂಜಕದ ಭರಣಿಯ ಪಕ್ಕದಲ್ಲಿರುತ್ತಿದ್ದವು.

ಆ ವರ್ಷದ ಯುಗಾದಿ ಅಮಾವಾಸ್ಯೆಯ ಬೆಳಗಿನ ಜಾವ ತೆಗೆದ ಚಿತ್ರ ಮೂರು ವರ್ಷದಲ್ಲೇ ಚೆನ್ನಾಗಿ ಬಂದಿತ್ತು. ಪ್ರಿಂಟು ಹಾಕಿ ಒಣಗಿಸಿ, ಭೂತಗನ್ನಡಿ ಹಿಡಿದು ಕೂತಳು. ಉಪಗ್ರಹದ ಗೀರು ನಾಲ್ಕು, ಧೂಳಿನ ಬೊಟ್ಟು ಹನ್ನೊಂದು. ಯಾವುದು ನಕ್ಷತ್ರ ಯಾವುದು ಧೂಳು ಎಂದು ಅವಳು ನಕಾಶೆ ನೋಡಬೇಕಾಗಿರಲಿಲ್ಲ. ಆ ಚೇಳಿನ ಮೈ ಅವಳಿಗೆ ಅಂಗೈಯಷ್ಟು ಪರಿಚಯ. ಒಂದೊಂದಾಗಿ ಮುಚ್ಚುತ್ತ ಹೋದಳು. ಕೊನೆಯದು ಕೊಂಡಿಯ ಹತ್ತಿರವಿತ್ತು, ಸ್ವಲ್ಪ ದಪ್ಪನೆಯ ಬೊಟ್ಟು. ಕುಂಚವನ್ನು ನಾಲಗೆಗೆ ಮುಟ್ಟಿಸಿ ಅದನ್ನೂ ಮುಚ್ಚಿದಳು. ಇಷ್ಟು ಚೊಕ್ಕದ ಕೆಲಸ ಅತ್ತೆಯೂ ಮಾಡಿರಲಿಕ್ಕಿಲ್ಲ ಎಂದು ಹೆಮ್ಮೆಪಟ್ಟಳು.

ಗಾಳಿಯಂತ್ರಗಳ ಗುಡ್ಡದ ಮೇಲಿದ್ದ ಆಕಾಶ ನಕಾಶೆ ಕೇಂದ್ರದವರು 'ಜನರ ಆಕಾಶ' ಎಂಬ ಪ್ರದರ್ಶನಕ್ಕೆ ಚಿತ್ರಗಳನ್ನು ಕರೆದಿದ್ದರು. ಮೋನಮ್ಮ ಪ್ರಿಂಟನ್ನು ಅಲ್ಲಿಗೆ ಕಳಿಸಿದಳು. ಗೀರು, ಧೂಳು ಬಿಟ್ಟು ಬೇರೇನನ್ನೂ ತೆಗೆದಿಲ್ಲ, ಸೇರಿಸಿಲ್ಲ ಎಂಬ ಕಾಗದಕ್ಕೆ ನಿಶ್ಚಿಂತೆಯಿಂದ ಸಹಿ ಹಾಕಿದಳು. ದೇವೇಂದ್ರಪ್ಪ ಅಭ್ಯಾಸಬಲದಿಂದ ಪ್ರಿಂಟಿನ ಬೆನ್ನಿಗೆ ಸ್ಟುಡಿಯೊದ ಮುದ್ರೆ ಒತ್ತಿದ: ಡಿ. ಕೆ. ಪತ್ತಾರ, ಛಾಯಾಗ್ರಾಹಕರು. ಸ್ಟುಡಿಯೊ ಇಟ್ಟಾಗಿನಿಂದ ಆ ಮನೆಯ ಫೋಟೋಗಳ ಬೆನ್ನಿಗೆಲ್ಲ ಗಂಡಸರ ಹೆಸರೇ ಬೀಳುತ್ತಿತ್ತು, ಯಾರೂ ಅದನ್ನು ವಿಚಾರಿಸಿದವರಲ್ಲ.

ನಾಲ್ಕನೆಯ ದಿನಕ್ಕೆ ಕೇಂದ್ರದ ವಿಜ್ಞಾನಿ ಡಾಕ್ಟರ್ ನಸೀಮ್ ಜಮಾದಾರ ಫೋನು ಮಾಡಿದಳು.

"ಮೋನಮ್ಮಾರ, ಮುನ್ನೂರು ಫೋಟೋ ಬಂದಾವ. ಕೈಲೆ ತಗದದ್ದು ನಿಮ್ದೊಂದ. ನಮ್ಮ ನಕಾಶಿ ಕೂಡ ಆಕಾಶದಾಗಿನ ಒಂದು ಚಿಕ್ಕಿನೂ ಆಕಡೆ ಈಕಡೆ ಆಗಿಲ್ಲ. ಗಾಜಿನ ಪೆಟಿಗ್ಯಾಗ ಇಟ್ಟು ಸೀಲ್ ಮಾಡೀವ್ರಿ."

ಮೋನಮ್ಮ ಆ ದಿನ ಓಣಿಗೆಲ್ಲ ಒಬ್ಬಟ್ಟು ಹಂಚಿದಳು.

ಮೂರು ದಿನ ಬಿಟ್ಟು ಮತ್ತೊಂದು ರೋಲು ಹಾಕಿದಳು. ಪ್ರಿಂಟು ಒಣಗಿತು, ಭೂತಗನ್ನಡಿ ಹಿಡಿದಳು, ಕುಂಚ ನಾಲಗೆಗೆ ಹೋಯಿತು, ಅಲ್ಲಿಯೇ ನಿಂತಿತು. ಕೊಂಡಿಯ ಹತ್ತಿರ ಒಂದು ಬಿಳಿ ಬೊಟ್ಟು. ಮೊದಲಿನದಕ್ಕಿಂತ ಸಣ್ಣದು, ಆದರೆ ಅದೇ ಜಾಗ.

"ಏನ್ರಿ, ಇಲ್ಲಿ ಬರ್ರಿ. ಧೂಳು ಎರಡು ಸಲ ಒಂದ ಕಡೆ ಕೂಡತೈತೇನು?"

"ಕೂಡಂಗಿಲ್ಲ. ಬೇರೆ ರೋಲು, ಬೇರೆ ದಿನ, ಹೆಂಗ ಕೂಡತೈತಿ?" ಎಂದ ದೇವೇಂದ್ರಪ್ಪ.

ಹಳೆಯ ಫಿಲಂ ತೆಗೆದು ಬೆಳಕಿಗೆ ಹಿಡಿದರು. ಧೂಳಾದರೆ ಫಿಲಂ ಮೇಲೆ ಕೂತಿರುತ್ತದೆ, ಊದಿದರೆ ಹಾರುತ್ತದೆ. ನಕ್ಷತ್ರವಾದರೆ ಫಿಲಂನ ಮೈಯೊಳಗೇ ಕಪ್ಪಾಗಿ ಬಿದ್ದಿರುತ್ತದೆ. ಮೋನಮ್ಮ ಊದಿದಳು. ರಬ್ಬರಿನ ಊದುಗೊಳವೆಯಿಂದಲೂ ಊದಿದಳು. ಕಪ್ಪು ಬೊಟ್ಟು ಜಗ್ಗಲಿಲ್ಲ.

ಮೋನಮ್ಮ ಕುರ್ಚಿಯ ಮೇಲೆ ಕುಸಿದಳು. ಇದ್ದಕ್ಕಿದ್ದಂತೆ ಹುಟ್ಟಿದ ಹೊಸ ನಕ್ಷತ್ರ ಅವಳ ಫಿಲಂಗೆ ಬಂದು ಬಿದ್ದಿತ್ತು, ಅದನ್ನು ಅವಳು ತನ್ನ ಎಂಜಲ ಕುಂಚದಿಂದ ಒರೆಸಿ, ಸಹಿ ಹಾಕಿ, ಸರಕಾರಕ್ಕೆ ಒಪ್ಪಿಸಿದ್ದಳು.

"ಚಿಪ್ಪಿಗೆ ಅವಸರ ಅಂದೆ. ನಾನೇನು ಕಡಿಮಿ ಮಾಡೀನಿ?" ಎಂದಳು.

ಮರುದಿನ ಇಬ್ಬರೂ ಎರಡು ಫಿಲಂ ತೆಗೆದುಕೊಂಡು ಬಸ್ಸು ಹತ್ತಿ ಗುಡ್ಡಕ್ಕೆ ಹೋದರು. ಕೇಂದ್ರದ ನಿಯಂತ್ರಣ ಕೋಣೆ ತಣ್ಣಗಿತ್ತು. ಒಂದು ಗೋಡೆಯ ತುಂಬ ಪರದೆಗಳು, ಪರದೆಗಳ ತುಂಬ ಒಂದು ಗೀರೂ ಇಲ್ಲದ ಆಕಾಶ. ಶುಭ್ರಗಗನದ ಉಸ್ತುವಾರಿ ಎಂಜಿನಿಯರ್ ಅಭಿನಂದನ ಉಪಾಧ್ಯೆಯದು. ನಲವತ್ತರ ಒಳಗಿನ, ತೂಕದ ಮಾತಿನ ಮನುಷ್ಯ. ನಸೀಮ್ ಫಿಲಂಗಳನ್ನು ಬೆಳಕಿನ ಮೇಜಿನ ಮೇಲಿಟ್ಟು ಬಹಳ ಹೊತ್ತು ನೋಡಿದಳು.

"ಇದು ಖರೆ ಇದ್ರ ನೋವಾ ಐತ್ರಿ ಅಮ್ಮಾರ. ಸತ್ತ ಚಿಕ್ಕಿ ಮ್ಯಾಲೆ ಬಾಜೂ ಚಿಕ್ಕಿದು ಅನಿಲ ಸುರದು ಸುರದು, ಒಂದಿನ ಭಗ್ ಅಂತ ಹತ್ತಿಕೊಳ್ತೈತಿ. ಮೂರ್ನಾಲ್ಕು ವಾರದಾಗ ಆರಿ ಹೋಗ್ತೈತಿ. ಬರಿಗಣ್ಣಿಗೆ ಕಾಣೂವಷ್ಟು ಇದು ಬೆಳಗಿಲ್ಲ, ಅದಕ್ಕ ಯಾರೂ ನೋಡಿಲ್ಲ."

"ಆರಾಕ ಹತ್ತೇತಿ. ಎರಡನೇ ಫಿಲಂನಾಗ ಸಣ್ಣದಾಗೇತಿ ನೋಡ್ರಿ" ಎಂದಳು ಮೋನಮ್ಮ.

ಉಪಾಧ್ಯೆ ಯುಗಾದಿಯಿಂದ ಈಚಿನ ಎಲ್ಲ ಚಿತ್ರಗಳನ್ನೂ ಪರದೆಗೆ ತಂದ. ಚಿಲಿಯದು, ಹವಾಯಿಯದು, ಇದೇ ಗುಡ್ಡದ್ದು. ಎಲ್ಲಿಯೂ ಕೊಂಡಿಯ ಹತ್ತಿರ ಏನೂ ಇರಲಿಲ್ಲ. ಇರುವುದಾದರೂ ಹೇಗೆ, ನಕಾಶೆಯಲ್ಲಿ ಇಲ್ಲದ್ದನ್ನೆಲ್ಲ ಚಿಪ್ ಒರೆಸಿತ್ತು. ಒರೆಸುವ ಮುಂಚಿನ ಕೊನೆಯ ಮೂರು ದಿನದ ಚಿತ್ರಗಳು? ಆ ಮೂರೂ ದಿನ ಗುಡ್ಡದ್ದೂ ಸೇರಿ ಯಾವ ದೂರದರ್ಶಕವೂ ಕೊಂಡಿಯ ಕಡೆ ನೋಡಿರಲಿಲ್ಲ.

"ಹಂಗಾರ ಇವತ್ತು ಚಿಪ್ ಬಂದ್ ಮಾಡಿ ಒಂದು ಫೋಟೋ ತಗೀರಿ" ಎಂದ ದೇವೇಂದ್ರಪ್ಪ, ಮಗ್ಗುಲು ಮನೆಯ ರೇಡಿಯೊ ಬಂದ್ ಮಾಡಿ ಎಂದಷ್ಟು ಸಲೀಸಾಗಿ.

"ಅದು ನನ್ನ ಕೈಯಾಗಿಲ್ರೀ ಯಜಮಾನರ. ಹದಿನೇಳು ದೇಶದ ಮಂಡಳಿ ಐತಿ. ಪುರಾವೆ ಕೊಟ್ರ ಒಂದು ತಾಸು ಬಂದ್ ಮಾಡಾಕ ಒಪ್ತಾರ. ಪುರಾವೆ ಇಲ್ಲದ ಕೇಳಿದ್ರ ನಗ್ತಾರ."

"ಇವು ಪುರಾವೆ ಅಲ್ಲೇನು?"

ಉಪಾಧ್ಯೆ ಮೋನಮ್ಮನ ಮುಖ ನೋಡದೆ ಮೇಜಿನ ಕಡೆ ನೋಡಿ ಮಾತಾಡಿದ. "ತಪ್ಪು ತಿಳೀಬ್ಯಾಡ್ರಿ. ಅಮ್ಮಾರು ಫಿಲಂ ತಿದ್ದೂದರಾಗ ಪಳಗಿದವರು. ಪೆನ್ಸಿಲ್ ತುದೀಲೆ ಫಿಲಂ ಮ್ಯಾಲೆ ಒಂದು ಕಪ್ಪು ಬೊಟ್ಟು ಇಡೂದು ಅವರಿಗೆ ಎಷ್ಟರ ಮಾತು? ಫಿಲಂ ಇಷ್ಟು ದಿನ ನಿಮ್ಮ ಮನ್ಯಾಗ ಇತ್ತು. ಅದೇ ದಿನದ ಪ್ರಿಂಟು ನಮ್ಮ ಪೆಟಿಗ್ಯಾಗ ಐತಿ, ಅಮ್ಮಾರ ಸಹಿ ಐತಿ. ಅದರಾಗ ಬೊಟ್ಟಿಲ್ಲ. ಮಂಡಳಿಯವರು ಯಾವುದನ್ನ ನಂಬಬೇಕು?"

ನಲವತ್ತೇಳು ವರ್ಷದ ಕೆಲಸ ಒಂದೇ ಮಾತಿಗೆ ಕಳ್ಳಕೆಲಸವಾಯಿತು. ಮೋನಮ್ಮನಿಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಾಚಿಕೆ ಮಾತ್ರ ಬಂತು. ಫಿಲಂಗಳನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು.

ಮನೆಗೆ ಬಂದು ಒಲೆ ಹಚ್ಚಿದಳು. ರೊಟ್ಟಿ ಬಡಿಯುತ್ತ ಕೂತವಳಿಗೆ ಎರಡು ರೊಟ್ಟಿ ಸೀದವು. ದೇವೇಂದ್ರಪ್ಪ ಸೀದದ್ದನ್ನೇ ಎತ್ತಿ ಗಂಗಾಳಕ್ಕೆ ಹಾಕಿಕೊಂಡ.

"ಹೋಗಲಿ ಬಿಡು. ಚಿಕ್ಕಿ ಐತಿ ಅಂತ ನಿನಗ ಗೊತ್ತೈತಿ, ನನಗ ಗೊತ್ತೈತಿ. ಸಾಕಲ್ಲ?"

"ಸಾಕಾಗಂಗಿಲ್ರಿ. ಬೆಳದಿಂಗಳು ಬಂತು, ಇನ್ನ ಅಮಾಸಿತನಕ ಫಿಲಂಗೆ ಏನೂ ಬೀಳಂಗಿಲ್ಲ. ಇನ್ನೆರಡು ವಾರ ಕಳದ್ರ ಅದು ಆರಿ ಹೋಗತೈತಿ. ಹುಟ್ಟಿದ್ದೂ ಸುಳ್ಳು, ನಾ ನೋಡಿದ್ದೂ ಸುಳ್ಳು ಅಂತಾಗತೈತಿ. ನಾನ ಅದರ ಮ್ಯಾಲೆ ಮಸಿ ಬಳದು ಬಂದೀನಲ್ಲ."

ಹಾಗೆಂದವಳು ರೊಟ್ಟಿಯ ಹಂಚು ಇಳಿಸಿದಳು. ಹಂಚಿನ ತಳದ ಮಸಿ ಬೆರಳಿಗೆ ಹತ್ತಿತ್ತು. ನೀರಿನ ಚಂಬಿಗೆ ಬೆರಳು ಅದ್ದಿ ಒರೆಸಿಕೊಂಡಳು. ಒಮ್ಮೆ ಬೆರಳು ನೋಡಿದಳು, ಒಮ್ಮೆ ಗೋಡೆಯ ಮೇಲಿನ ರಾಚಮ್ಮನ ಫೋಟೋ ನೋಡಿದಳು.

"ಏನ್ರಿ, ಆ ಪ್ರಿಂಟು ಪೆಟಿಗ್ಯಾಗ ಇಟ್ಟು ಸೀಲ್ ಮಾಡೀವಿ ಅಂದ್ರಲ್ಲ? ಅಂದಿನಿಂದ ಯಾರೂ ಮುಟ್ಟಿಲ್ಲಲ್ಲ?"

"ಮುಟ್ಟಿಲ್ಲ. ಯಾಕ?"

"ನಾ ಮುಚ್ಚಿದ್ದು ಕಾಡಿಗಿ, ಜಾಲಿ ಗೋಂದು. ಪ್ಯಾಟಿ ಬಣ್ಣ ಅಲ್ಲ."

ದೇವೇಂದ್ರಪ್ಪನ ಕೈಯ ತುತ್ತು ಬಾಯಿಯ ಹತ್ತಿರವೇ ನಿಂತಿತು.

ಮರುದಿನ ಗುಡ್ಡದ ಮೇಲೆ ಪ್ರದರ್ಶನದ ಅಂಗಳದಲ್ಲಿ ಇಪ್ಪತ್ತು ಮೂವತ್ತು ಜನ ಸೇರಿದ್ದರು. ಕೇಂದ್ರದ ನೌಕರರು, ಶಾಲೆಯೊಂದರಿಂದ ಪ್ರವಾಸ ಬಂದ ಮಾಸ್ತರರು, ಕ್ಯಾಂಟೀನಿನ ಅಡಿಗೆಯವರು. ಸೀಲು ಮುರಿದಿಲ್ಲ ಎಂದು ಉಪಾಧ್ಯೆಯೇ ಪರೀಕ್ಷಿಸಿ ಬರೆದುಕೊಂಡ. ನಸೀಮ್ ಗಾಜಿನ ಪೆಟ್ಟಿಗೆ ತೆರೆದು ಪ್ರಿಂಟನ್ನು ಮೇಜಿನ ಮೇಲಿಟ್ಟಳು.

"ಅಮ್ಮಾರ, ಇನ್ನೊಮ್ಮೆ ವಿಚಾರ ಮಾಡ್ರಿ. ತೊಳದ ಮ್ಯಾಲೆ ಇದು ಪ್ರದರ್ಶನದಾಗ ಉಳಿಯಂಗಿಲ್ಲ. ಕೆಳಗ ಏನೂ ಇರಲಿಲ್ಲಂದ್ರ…"

"ಏನೂ ಇರಲಿಲ್ಲಂದ್ರ ನಾನ ಹೊತಗೊಂಡು ಮನಿಗೆ ಹೋಗ್ತೀನವ್ವ" ಎಂದಳು ಮೋನಮ್ಮ.

ಚೀಲದಿಂದ ಅರಳೆ ತೆಗೆದಳು. ಬಾಚಣಿಕೆಯ ಹಲ್ಲಿನಷ್ಟು ದಪ್ಪ ಹೊಸೆದು, ನಾಲಗೆಗೆ ಮುಟ್ಟಿಸಿಕೊಂಡಳು. ಬಂದವರಲ್ಲಿ ಯಾರೋ ಕಿಸಕ್ಕೆಂದರು. ಮೋನಮ್ಮ ಭೂತಗನ್ನಡಿ ಕಣ್ಣಿಗೇರಿಸಿ ಬಾಗಿದಳು. ನಲವತ್ತೇಳು ವರ್ಷದಲ್ಲಿ ಅವಳು ಸಾವಿರಾರು ಬೊಟ್ಟು ಮುಚ್ಚಿದ್ದಳು, ಒಂದನ್ನೂ ತೆರೆದವಳಲ್ಲ. ಆದರೂ ಕೈ ತಿರುಪು ತಿರುವುವಾಗಿನ ಕೈಯೇ ಆಗಿತ್ತು. ಒಂದು ಸಲ ಆಡಿಸಿದಳು. ಅರಳೆಯ ತುದಿ ಬೂದುಬಣ್ಣಕ್ಕೆ ತಿರುಗಿತು. ಹೊಸ ಅರಳೆ ಹೊಸೆದು ಎರಡನೆಯ ಸಲ ಆಡಿಸಿದಳು. ಮೂರನೆಯ ಸಲ ಆಡಿಸಿ, ಊದಿ, ಪಕ್ಕಕ್ಕೆ ಸರಿದಳು.

"ನೋಡ್ರಿ."

ಕೊಂಡಿಯ ಹತ್ತಿರ, ಒದ್ದೆಯ ತೆಳುವಾದ ಬಳೆಯ ನಡುವೆ, ಬಿಳಿ ಬೊಟ್ಟು ಮೂಡಿತ್ತು. ದುಂಡಗೆ, ಅಂಚು ಮಾತ್ರ ಮೆತ್ತಗೆ, ಸುತ್ತಲಿನ ನಕ್ಷತ್ರಗಳ ಹಾಗೆಯೇ. ಧೂಳಿನ ಬೊಟ್ಟಿಗೆ ಅಂಚು ಚೂಪಾಗಿರುತ್ತದೆ. ನಸೀಮ್ ನೋಡಿದಳು, ಮಾಸ್ತರರು ನೋಡಿದರು, ಕ್ಯಾಂಟೀನಿನವರು ಕೈ ಒರೆಸಿಕೊಂಡು ಬಂದು ನೋಡಿದರು. ಮಂಡಳಿಗೆ ಕಳಿಸಲು ಉಪಾಧ್ಯೆ ತನ್ನ ಫೋನು ತೆಗೆದು ಪ್ರಿಂಟಿನ ಚಿತ್ರ ಹೊಡೆದುಕೊಂಡ. ಪರದೆ ನೋಡಿದ. ಮತ್ತೊಂದು ಹೊಡೆದುಕೊಂಡ. ಮತ್ತೆ ಪರದೆ ನೋಡಿದ.

"ಯಾಕ್ರಿ ಸಾಹೇಬ್ರ?" ಎಂದ ದೇವೇಂದ್ರಪ್ಪ.

ಉಪಾಧ್ಯೆ ಫೋನನ್ನು ಅವನ ಕಡೆ ತಿರುಗಿಸಿದ. ಮೇಜಿತ್ತು, ಪ್ರಿಂಟಿತ್ತು, ಮೋನಮ್ಮನ ಬೆರಳಿತ್ತು, ಚೇಳಿತ್ತು. ಕೊಂಡಿಯ ಹತ್ತಿರ ಮಾತ್ರ ಏನೂ ಇರಲಿಲ್ಲ. ಪ್ರಿಂಟಿನ ಮೇಲಿನ ಚೇಳನ್ನೂ ಫೋನಿನ ಚಿಪ್ ಗುರುತು ಹಿಡಿದು, ನಕಾಶೆಯಲ್ಲಿ ಇಲ್ಲದ ಬೊಟ್ಟನ್ನು ಎಲ್ಲರ ಕಣ್ಣೆದುರಿಗೇ ನುಣ್ಣಗೆ ಒರೆಸಿತ್ತು.

"ಎದುರಿಗಿದ್ದದ್ದು ಕಾಣ್ತೈತಿ, ಫೋನಿನಾಗ ಕಾಣವಲ್ದು" ಎಂದು ಕ್ಯಾಂಟೀನಿನ ಅಡಿಗೆಯವನು ಗಟ್ಟಿಯಾಗಿಯೇ ಅಂದ.

ಉಪಾಧ್ಯೆ ಫೋನನ್ನು ಮೇಜಿನ ಮೇಲೆ ಬೋರಲು ಇಟ್ಟ. "ಒಂಬತ್ತು ವರ್ಷ ಆತು ಇದನ್ನ ಹಚ್ಚಿ. ಹಿಂಗ ಎಷ್ಟು ಹೋಗ್ಯಾವೋ ಯಾರಿಗೆ ಗೊತ್ತು." ಆಮೇಲೆ ಮೋನಮ್ಮನ ಕಡೆ ತಿರುಗಿ ಕೈ ಮುಗಿದ. "ನಿನ್ನೆ ನಾ ಆಡಿದ ಮಾತು ಹಿಂದ ತಗೋತೀನ್ರಿ."

"ನಿನ್ನೆ ನೀವು ಕೇಳಿದ್ದು ಬರೋಬರಿ ಇತ್ತು" ಎಂದಳು ಮೋನಮ್ಮ. "ತಿದ್ದೂದು ತಪ್ಪಲ್ಲಪ. ನಿಮ್ಮ ಚಿಪ್ಪಿಗೆ ವಾಪಸ್ ಕೊಡಾಕ ಬರಂಗಿಲ್ಲ ನೋಡ್ರಿ, ಅದು ತಪ್ಪು."

ಆ ಮಾತನ್ನು ನಸೀಮ್ ಮಂಡಳಿಗೆ ಬರೆದ ಪತ್ರದಲ್ಲಿ ಹಾಗೆಯೇ ಇಟ್ಟಳು. ಸೀಲಿನ ವಿವರ, ಅರಳೆಯ ತುಣುಕು, ಹಳೆಯ ಫಿಲಂ ಕ್ಯಾಮೆರಾದಿಂದ ತೆಗೆದ ಪ್ರಿಂಟಿನ ಚಿತ್ರ, ಎಲ್ಲ ಹೋದವು. ಮೂರನೆಯ ದಿನ ಉತ್ತರ ಬಂತು: ಒಂದು ತಾಸು.

ಆ ಬೆಳಗಿನ ಜಾವ ನಿಯಂತ್ರಣ ಕೋಣೆಯಲ್ಲಿ ಮೋನಮ್ಮನಿಗೆ ನಡುವಿನ ಕುರ್ಚಿ ಕೊಟ್ಟರು. ಉಪಾಧ್ಯೆ ಶುಭ್ರಗಗನವನ್ನು ಬಂದ್ ಮಾಡಿದ. ಗೋಡೆಯ ಮೇಲಿನ ಆಕಾಶ ಒಂದು ಕ್ಷಣ ಕಪ್ಪಾಗಿ, ಮರುಕ್ಷಣ ಗೀರುಗಳಿಂದ ತುಂಬಿಹೋಯಿತು. ಮಗುವಿನ ಕೈಗೆ ಬಳಪ ಕೊಟ್ಟು ಬಿಟ್ಟ ಗೋಡೆಯಂತಿತ್ತು ಅದು. ಒಂಬತ್ತು ವರ್ಷದಿಂದ ಯಾರೂ ಕಾಣದ ಆಕಾಶವನ್ನು ಎಲ್ಲರೂ ಬಾಯಿ ಕಳೆದು ನೋಡಿದರು. ಆ ಗೀಚಿನ ನಡುವೆ ಯಾರಿಗೂ ಏನೂ ಸಿಗಲಿಲ್ಲ. ಮೋನಮ್ಮ ಎದ್ದು ಗೋಡೆಯ ಹತ್ತಿರ ಹೋದಳು. ಜ್ಯೇಷ್ಠಾದ ಮೇಲೆ ಬೆರಳಿಟ್ಟಳು, ಬಾಲ ಹಿಡಿದು ಇಳಿದಳು, ಕೊಂಡಿ ದಾಟಿ ಎರಡು ಬೆರಳಿನ ಅಗಲ ಬಿಟ್ಟು ನಿಂತಳು.

"ಇಲ್ಲೈತಿ."

ಮಸುಕಾಗಿತ್ತು, ಆದರೆ ಇತ್ತು. ಎರಡು ಗೀರುಗಳ ನಡುವೆ, ಅಲುಗದೆ. ನಸೀಮ್ ಅದರ ಬೆಳಕನ್ನು ಬಿಡಿಸಿ ನೋಡಿ, ನೋವಾ ಹೌದು ಎಂದು ಮೂರು ಸಲ ಹೇಳಿದಳು. ಆಮೇಲೆ ಕಣ್ಣು ಒರೆಸಿಕೊಂಡು ಅರ್ಜಿಯ ಹಾಳೆ ಮುಂದಿಟ್ಟುಕೊಂಡಳು.

"ಮೊದಲು ಕಂಡವರು ಯಾರು ಅಂತ ಬರೀಬೇಕ್ರಿ. ಪ್ರಿಂಟಿನ ಬೆನ್ನಿಗೆ ಡಿ. ಕೆ. ಪತ್ತಾರ ಅಂತೈತಿ."

ದೇವೇಂದ್ರಪ್ಪ ಕುರ್ಚಿಯಿಂದ ಎದ್ದೇ ನಿಂತ. "ಅದನ್ನ ಹೊಡದ ಹಾಕ್ರಿ ಮ್ಯಾಡಮ್ಮಾರ. ನಾ ಒತ್ತಿದ್ದು ಮುದ್ರಿ ಒಂದ. ಎಂಟು ನಿಮಿಷ ತಿರುಪು ತಿರುವಿದಾಕಿ ಇಕಿ, ಮುಚ್ಚಿದಾಕಿ ಇಕಿ, ತೆರದಾಕಿ ಇಕಿ. ಮೋನಮ್ಮ ಅಂತ ಬರೀರಿ. ಪೂರಾ ಬರೀರಿ."

ನಸೀಮ್ ಬರೆದಳು. ಕಂಡ ದಿನ ಎಂಬಲ್ಲಿ ಮೋನಮ್ಮ ಹೇಳಿದ್ದನ್ನು ಬರೆದಳು: ಯುಗಾದಿ ಅಮಾವಾಸ್ಯೆಯ ಬೆಳಗಿನ ಜಾವ ಫಿಲಂಗೆ ಬಿತ್ತು, ಅದೇ ದಿನ ನಾನೇ ಅಳಿಸಿದೆ. ಅಳಿಸಿದ ವಿಷಯ ಬೇಡವೇನೋ ಎಂದು ಉಪಾಧ್ಯೆ ಅಂದ. ಇರಲಿ, ಅದೂ ನಾನೇ ಮಾಡಿದ್ದು ಎಂದಳು ಮೋನಮ್ಮ.

ಆ ವರ್ಷ ಮುಗಿಯುವುದರೊಳಗೆ ಶುಭ್ರಗಗನಕ್ಕೆ ಒಂದು ಗುಂಡಿ ಬಂತು. ಒತ್ತಿದರೆ ಒರೆಸುವ ಮುಂಚಿನ ಆಕಾಶ ಕಾಣುತ್ತಿತ್ತು. ಜನ ಮೊದಮೊದಲು ಗೀರುಗಳನ್ನು ಕಂಡು ಮುಖ ಸಿಂಡರಿಸಿದರು, ಆಮೇಲೆ ಅವುಗಳ ನಡುವೆ ಹುಡುಕಲು ಕಲಿತರು. ಕೊಂಡಿಯ ನಕ್ಷತ್ರ ಅಷ್ಟರಲ್ಲಿ ಆರಿಹೋಗಿತ್ತು. ನಕಾಶೆಯಲ್ಲಿ ಅದರ ಜಾಗಕ್ಕೆ ಒಂದು ಸಣ್ಣ ಗುರುತು, ಗುರುತಿನ ಪಕ್ಕದಲ್ಲಿ ಒಂದು ಪೂರಾ ಹೆಸರು ಉಳಿದವು.

ಪ್ರಿಂಟು ಕುಷ್ಟಗಿಗೆ ವಾಪಸು ಬಂತು. ದೇವೇಂದ್ರಪ್ಪ ಅದಕ್ಕೆ ಚೌಕಟ್ಟು ಹಾಕಿ ಸ್ಟುಡಿಯೊದ ಮುಂಬಾಗಿಲಿಗೆ, ಬೀದಿಗೆ ಕಾಣುವಂತೆ ತೂಗುಹಾಕಿದ. ತೂಗುಹಾಕುವ ಮುಂಚೆ, ಅರಳೆಯ ಒದ್ದೆ ಒಣಗಿ ಬೊಟ್ಟಿನ ಸುತ್ತ ಉಳಿದಿದ್ದ ಬಳೆಯಂಥ ಗುರುತನ್ನು ತಿದ್ದಲು ಕುಂಚ ಎತ್ತಿಕೊಂಡಿದ್ದ. ಮೋನಮ್ಮ ಅದನ್ನು ಅವನ ಕೈಯಿಂದ ಕಸಿದುಕೊಂಡು ಡಬ್ಬಿಗೆ ಹಾಕಿ ಮುಚ್ಚಿದಳು.

ಒಂದು ದಿನ ಗುರುತಿನ ಚೀಟಿಯ ಫೋಟೋಕ್ಕೆಂದು ಬಂದ ಮೇಷ್ಟ್ರೊಬ್ಬರು ಚೌಕಟ್ಟಿನ ಮುಂದೆ ನಿಂತು ಕನ್ನಡಕ ಸರಿಮಾಡಿಕೊಂಡರು.

"ಅಕ್ಕಾರ, ಎಷ್ಟು ಚೊಲೊ ಫೋಟೋ. ಈ ಕೊಂಡಿ ಕಡೆ ಒಂದು ಬಿಳಿ ಕಲಿ ಉಳದೈತಿ ನೋಡ್ರಿ, ತಿದ್ದೂದು ಮರತೀರಿ."

"ಮರತಿಲ್ರಿ ಮಾಸ್ತರ" ಎಂದಳು ಮೋನಮ್ಮ. "ಅದು ಕಲಿ ಅಲ್ಲ. ಅದು ನಂದು."